ನಾಲ್ಕು ಸಾಲು ಐದಾದ ಪದ್ಯ

ಆ ಮುದುಕಿ ಬಂದು ಬಾಗಿಲು ತಟ್ಟಿದಾಗ ಅತ್ತೆ ಸೊಸೆ ಜಗಳದ ದೂರು ಹೊತ್ತು ತಂದಿರಬೇಕು ಎಂದೇ ನಾನು ಎಣಿಸಿದೆ. ಅವಳ ಮೊದಲ ಮಾತೂ "ನನ್ನ ಸೊಸೆ ವಿಷಯ" ಎಂದೇ ಇತ್ತು. ಅಂಥ ದೂರುಗಳನ್ನು ನಮ್ಮತ್ತಿಗೆ ಕೈಗೆತ್ತಿಕೊಳ್ಳುವುದಿಲ್ಲ ಎಂದು ಹೇಳಿ ಸಾಗಹಾಕಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, "ನನ್ನ ಸೊಸೇನ ಕಳ್ಳಿ ಅಂದಿದಾರೆ ತಾಯಿ. ಅವಳು ಕದಿಯೋಳಲ್ಲ. ಮೂರು ದಿನದಿಂದ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದಾಳೆ" ಎಂದಳು. ಸೊಸೆಯ ಪರ ವಕಾಲತ್ತು ವಹಿಸಿ ಬಂದ ಅತ್ತೆಯನ್ನು ನನ್ನ ಜೀವಮಾನದಲ್ಲಿ ನೋಡಿದ್ದು ಅದೇ ಮೊದಲು.

"ಏನು ಕದ್ದಳಂತೆ?" ಎಂದು ಒಳಗಿನಿಂದ ಅತ್ತಿಗೆ ಕೇಳಿದರು.

"ಪದ್ಯ," ಎಂದಳು ಮುದುಕಿ.

ಅತ್ತಿಗೆ ಓದುತ್ತಿದ್ದ ಪುಸ್ತಕವನ್ನು ಮಗುಚಿಟ್ಟು ಎದ್ದು ಬಂದರು. ಮೂವತ್ತೆರಡು ವರ್ಷ ತೂಕಡಿಸುವ ಮಕ್ಕಳಿಗೆ ಛಂದಸ್ಸು, ಅಲಂಕಾರ ಕಲಿಸಿ ನಿವೃತ್ತರಾದವರು ಅವರು. ಊರಲ್ಲಿ ಏನಾದರೂ ಪತ್ತೆಯಾಗದೆ ಹೋದರೆ ಜನ ಮೊದಲು ಪೊಲೀಸರ ಹತ್ತಿರ ಹೋಗಿ ಆಮೇಲೆ ನಮ್ಮ ಮನೆಗೆ ಬರುತ್ತಾರೆ. ಬುದ್ಧಿ ಇದ್ದವರು ನೇರವಾಗಿ ನಮ್ಮ ಮನೆಗೇ ಬರುತ್ತಾರೆ. ನಾನು ಅವರ ಗಂಡನ ತಂಗಿ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಊರವರ ಕಣ್ಣಿಗೆಲ್ಲ ಗಾಜು ಕೂರಿಸುವ ನನಗೆ ಕಣ್ಣೆದುರಿನದು ಕಾಣುವುದಿಲ್ಲ ಎಂದು ಅತ್ತಿಗೆ ಹಂಗಿಸುತ್ತಾರೆ. ಹಂಗಿಸಲಿ. ಅವರು ಬಿಡಿಸಿದ ಒಗಟುಗಳನ್ನು ಬರೆದಿಡುವವಳು ನಾನು, ಅವರಿಗಿಂತ ಹೆಚ್ಚು ಬೀಗುವವಳೂ ನಾನೇ.

ಮುದುಕಿ ಹೇಳಿದ್ದು ಇಷ್ಟು. ಅವಳ ಸೊಸೆ ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ರೋಗಿಗಳ ಅಂಗಿ, ಹೊದಿಕೆ ಹೊಲಿಯುವವಳು. ಆಸ್ಪತ್ರೆಯಲ್ಲಿ ಮಕ್ಕಳಿಗೆಂದು ಹೊಸ ವಾರ್ಡು ಕಟ್ಟಿದ್ದರು. ಅದರ ಬಾಗಿಲ ಪಕ್ಕ ಕಲ್ಲಿನಲ್ಲಿ ಕೊರೆಸಲು ನಾಲ್ಕು ಸಾಲಿನ ಪದ್ಯ ಬೇಕಾಗಿದೆ, ಕೆಲಸಗಾರರಲ್ಲಿ ಯಾರು ಬೇಕಾದರೂ ಸ್ವಂತ ಕೈಬರಹದಲ್ಲಿ ಬರೆದು ಕೊಡಬಹುದು, ಗೆದ್ದವರ ಹೆಸರನ್ನು ಪದ್ಯದ ಕೆಳಗೆ ಕೊರೆಸುತ್ತೇವೆ ಎಂದು ಸೂಪರಿಂಟೆಂಡೆಂಟರು ಪ್ರಕಟಿಸಿದ್ದರು. ಸೊಸೆಯ ಪದ್ಯ ಗೆದ್ದಿತು. ಮಾರನೆಯ ಬೆಳಿಗ್ಗೆ ಸೂಪರಿಂಟೆಂಡೆಂಟರ ಬಾಗಿಲಡಿ ಹೆಸರಿಲ್ಲದ ಒಂದು ಕಾಗದ ಬಿದ್ದಿತ್ತು. ಪದ್ಯ ಕದ್ದದ್ದು ಎಂದು ಅದರಲ್ಲಿತ್ತು. ಸೋಮವಾರ ಕಲ್ಲುಕುಟಿಗ ಕೆಲಸ ಶುರುಮಾಡುವವನಿದ್ದ. ಅಷ್ಟರೊಳಗೆ ಸೊಸೆ ತಾನು ಕಳ್ಳಿಯಲ್ಲವೆಂದು ತೋರಿಸದಿದ್ದರೆ ಎರಡನೆಯ ಸ್ಥಾನದ ಪದ್ಯವನ್ನು ಕೊರೆಸುತ್ತಾರೆ, ಅವಳನ್ನು ಕೆಲಸದಿಂದ ತೆಗೆಯುತ್ತಾರೆ. ಆಗಲೇ ಗುರುವಾರವಾಗಿತ್ತು.

"ನಂಗೆ ಓದಕ್ಕೆ ಬರಲ್ಲ," ಎಂದಳು ಮುದುಕಿ. "ಆದ್ರೆ ಅವಳು ಬರೆಯೋದನ್ನ ನೋಡಿದೀನಿ. ಅಡುಗೆ ಆದ್ಮೇಲೆ ಒಲೆ ಪಕ್ಕ ಕೂತು ತುಟಿ ಅಲ್ಲಾಡಿಸ್ತಾ ಬೆರಳು ಎಣಿಸ್ತಾಳೆ. ಕದ್ದಿದ್ದನ್ನ ಯಾರಾದ್ರೂ ಅಷ್ಟೊಂದು ಸಲ ಎಣಿಸಿ ಎಣಿಸಿ ತಿದ್ದುತಾರಾ?"

ಅತ್ತಿಗೆ ನನ್ನ ಕಡೆ ತಿರುಗಿ, "ಚಪ್ಪಲಿ ಹಾಕ್ಕೊಳೇ" ಎಂದರು.

ಸೂಪರಿಂಟೆಂಡೆಂಟರು ಮರ್ಯಾದಸ್ಥರು. ಕೂರಿಸಿ ಮಾತಾಡಿಸಿದರು, ಕಾಗದವನ್ನೂ ತೋರಿಸಿದರು. ಆದರೆ ಹೊಲಿಗೆ ಯಂತ್ರ ತುಳಿಯುವವಳಿಗೆ ಪದ್ಯ ಎಲ್ಲಿಂದ ಬಂತು ಎಂದು ತಮಗೆ ಮೊದಲೇ ಅನ್ನಿಸಿತ್ತು ಎಂದರು. ಆ ಮಾತು ಕೇಳಿ ನನ್ನ ಮೈ ಉರಿಯಿತು. ಅತ್ತಿಗೆ ಕಾಗದದಿಂದ ಕಣ್ಣೆತ್ತಲಿಲ್ಲ.

ಅದು ಟೈಪ್ ಮಾಡಿದ ಹಾಳೆ. ಪದ್ಯವು ಎಂದೋ ನಿಂತುಹೋದ ಮಾಸಪತ್ರಿಕೆಯೊಂದರಲ್ಲಿ ಬಂದದ್ದೆಂದೂ, ಅಚ್ಚಾದ ಪುಟವನ್ನು ಮುಂದಿಟ್ಟುಕೊಂಡು ತಾನು ಅದನ್ನು ಕೆಳಗೆ ಅಕ್ಷರಕ್ಕೆ ಅಕ್ಷರ, ಸಾಲಿಗೆ ಸಾಲು ನಕಲು ಮಾಡಿರುವುದಾಗಿಯೂ ಅದರಲ್ಲಿ ಬರೆದಿತ್ತು. ಅದರ ಕೆಳಗೆ ಪದ್ಯ:

ಬಾಗಿಲು ತೆರೆದಿದೆ.
ನೋವಿನ ಹೊರೆಯನು ನೀಗಲು ಒಳಗಡೆ ಬಾ ಮಗು.
ಹರಿದುದ ಬೇಗನೆ ಹೊಲಿಯುವ ಕೈಯಿದೆ.
ನಾಳೆಗೆ ಸಾಗುವ ಕಾಲಿಗೆ
ಹೊಸಿಲಂತೀ ಮನೆ.

ಸೊಸೆ ಕೈಬರಹದಲ್ಲಿ ಕೊಟ್ಟ ಪದ್ಯವನ್ನೂ ಅವರು ಪಕ್ಕದಲ್ಲಿಟ್ಟರು:

ಬಾಗಿಲು ತೆರೆದಿದೆ. ನೋವಿನ ಹೊರೆಯನು
ನೀಗಲು ಒಳಗಡೆ ಬಾ ಮಗು. ಹರಿದುದ
ಬೇಗನೆ ಹೊಲಿಯುವ ಕೈಯಿದೆ. ನಾಳೆಗೆ
ಸಾಗುವ ಕಾಲಿಗೆ ಈ ಮನೆ ಹೊಸಿಲು.

"ಕೊನೆಯಲ್ಲಿ ಒಂದು ಪದ ತಿರುಚಿದ್ದಾಳೆ, ನಾಲ್ಕು ಸಾಲು ಬೇಕು ಅಂದಿದ್ದಕ್ಕೆ ಐದನ್ನ ನಾಲ್ಕು ಮಾಡಿದ್ದಾಳೆ, ಅಷ್ಟೆ," ಎಂದರು ಸೂಪರಿಂಟೆಂಡೆಂಟರು. ನನಗೂ ಅದಕ್ಕಿಂತ ಹೆಚ್ಚೇನೂ ಕಾಣಲಿಲ್ಲ. ಅತ್ತಿಗೆ ಮಾತ್ರ ಎರಡೂ ಹಾಳೆಗಳನ್ನು ನೋಡಿ, ಒಳ್ಳೆಯ ಉತ್ತರಪತ್ರಿಕೆ ಕೈಗೆ ಸಿಕ್ಕಿದ ಟೀಚರಿನ ಮುಖ ಮಾಡಿದರು. ಯಾವ ಯಂತ್ರದಲ್ಲಿ ಟೈಪ್ ಆಯಿತೆಂದು ವಿಚಾರಿಸಿದರು. ಹೊರಗಿನ ಕೋಣೆಯ ಯಂತ್ರವೇ. ಆದರೆ ಅದರಿಂದ ಏನೂ ಗೊತ್ತಾಗುವಂತಿರಲಿಲ್ಲ. ಹಗಲೆಲ್ಲ ಟೈಪಿಸ್ಟ್ ಅದರ ಮುಂದಿರುತ್ತಿದ್ದಳು, ಬೇಡಿಕೆಪಟ್ಟಿ ಮಾಡಲು ಸ್ಟೋರಿನವನು ಬರುತ್ತಿದ್ದ, ಸಂಜೆ ತಮ್ಮ ಪದ್ಯಗಳನ್ನು ಕುಟ್ಟಲು ಮಕ್ಕಳ ಡಾಕ್ಟರೂ ಬರುತ್ತಿದ್ದರು. ಅವರಿಗೆ ಆಸ್ಪತ್ರೆಯಲ್ಲಿ ಆಸ್ಥಾನಕವಿ ಎಂದೇ ಅಡ್ಡಹೆಸರು. ಎರಡನೆಯ ಸ್ಥಾನ ಬಂದದ್ದು ಅವರಿಗೇ.

ಅಲ್ಲಿಂದ ಹೊಲಿಗೆ ಕೋಣೆಗೆ ಹೋದೆವು. ತುಳಿಯುವ ಎರಡು ಯಂತ್ರ, ಮೊಣಕಾಲೆತ್ತರಕ್ಕೆ ಬಿಳಿ ಬಟ್ಟೆಯ ರಾಶಿ, ಮೇಜಿನ ಮೇಲೆ ಗುರುತು ಹಾಕುವ ಸೀಮೆಸುಣ್ಣ. ಮುದುಕಿ ಮನೆಗೆ ಹೋಗಿ ಸೊಸೆಯನ್ನು ಎಬ್ಬಿಸಿ ಕರೆತಂದಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು, ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ಎಲ್ಲಿ ಬರೆದದ್ದು ಎಂದು ಅತ್ತಿಗೆ ಕೇಳಿದ್ದಕ್ಕೆ ಅಳತೆಯ ಪುಸ್ತಕವನ್ನು ಮುಂದಿಟ್ಟಳು. ಪ್ರತಿದಿನದ ತಾರೀಖು, ಅದರ ಕೆಳಗೆ ಅಂಗಿಗಳ ಅಳತೆ, ಅಂಚಿನಲ್ಲಿ ಪದ್ಯದ ತುಂಡುಗಳು. ಸೋಮವಾರದ ಪುಟದಲ್ಲಿ ಪದ್ಯ ಪೂರ್ತಿಯಾಗಿತ್ತು, ಕೊನೆಯಲ್ಲಿ "ಹೊಸಿಲಂತೀ ಮನೆ" ಎಂದಿತ್ತು. ಅದೇ ವಾರದ ಶನಿವಾರದ ಪುಟದಲ್ಲಿ ಅದನ್ನು ಹೊಡೆದುಹಾಕಿ "ಈ ಮನೆ ಹೊಸಿಲು" ಎಂದು ತಿದ್ದಿತ್ತು.

"ಸಾಲು ಇಲ್ಲಿಗೇ ಮುರೀಬೇಕು ಅಂತ ಹೇಗೆ ಗೊತ್ತಾಯ್ತಮ್ಮ?" ಎಂದು ಅತ್ತಿಗೆ ಕೇಳಿದರು.

"ಎರಡನೇ ಅಕ್ಷರ ಒಂದರ ಕೆಳಗೊಂದು ಒಂದೇ ಬರ್ಬೇಕು ಅಂತ ಶಾಲೇಲಿ ಹೇಳ್ಕೊಟ್ಟಿದ್ರು ಮೇಡಂ. ಅಂಗಿಗೆ ಗುಂಡಿ ಹಾಕ್ದಂಗೆ. ಒಂದು ಗುಂಡಿ ಆಚೀಚೆ ಆದ್ರೂ ಅಂಗಿ ಸೊಟ್ಟ ಕೂರತ್ತೆ."

ಅತ್ತಿಗೆಯ ಮುಖ ಅರಳಿತು. ಮೊದಲು ಬರೆದ ಪದ್ಯವನ್ನು ಒಮ್ಮೆ ಬಾಯಲ್ಲಿ ಹೇಳೆಂದರು. ಅವಳು ಮೆಲುದನಿಯಲ್ಲಿ ಹೇಳಿದಳು. "ನಾಳೆಗೆ ಸಾಗುವ ಕಾಲಿಗೆ" ಎಂದು ಒಂದು ಕ್ಷಣ ತಡೆದು, ಆಮೇಲೆ "ಹೊಸಿಲಂತೀ ಮನೆ" ಎಂದಳು. ಅಲ್ಲೇಕೆ ನಿಂತೆ ಎಂದು ಕೇಳಿದರೆ, "ಅಲ್ಲಿ ನಂಗೆ ಸಮಾಧಾನ ಇರ್ಲಿಲ್ಲ. ಯಾವಾಗ ಹೇಳಿದ್ರೂ ಅಲ್ಲಿ ಬಾಯಿ ತಡೀತಿತ್ತು" ಎಂದಳು. ಆ ಶನಿವಾರ ಅವಳು ಹಳೆಯ ಮಕ್ಕಳ ವಾರ್ಡಿಗೆ ಅಂಗಿಯ ಗಂಟು ಹೊತ್ತು ಹೋದಾಗ ಒಂದು ಮಗು ಬಾಗಿಲು ದಾಟಲು ಹೆದರಿ ನಿಂತಿತ್ತಂತೆ. "ಅದಕ್ಕೆ ಅದು ಹೊಸಿಲಿನ ಹಾಗೆ ಏನಲ್ಲ, ಹೊಸಿಲೇ ಅಲ್ವಾ ಅನ್ನಿಸ್ತು. ಬಂದು ತಿದ್ದಿದೆ. ಆಮೇಲೆ ತಡೀಲಿಲ್ಲ."

ಪದ್ಯವನ್ನು ಯಾರ್ಯಾರು ಕೇಳಿದ್ದರು ಎಂಬುದು ಮುಂದಿನ ಪ್ರಶ್ನೆ. ಮನೆಯಲ್ಲಿ ಅತ್ತೆ ಕೇಳಿದ್ದಳು. ಆಸ್ಪತ್ರೆಯಲ್ಲಿ ಟೈಪಿಸ್ಟ್ ಅಕ್ಕ, ಏಕೆಂದರೆ ಮಧ್ಯಾಹ್ನ ಇಬ್ಬರೂ ಈ ಕೋಣೆಯಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಗೋಡೆಯಾಚೆ ಕೂರುವ ಸ್ಟೋರಿನವನಿಗೂ ಅವಳು ಗುನುಗಿದ್ದು ಕೇಳಿಸುತ್ತಿತ್ತು. ಅವನಿಗೂ ಅವಳಿಗೂ ದಾರದ ಉಂಡೆಗಳ ವಿಷಯಕ್ಕೆ ಹಾವು ಮುಂಗುಸಿಯ ಸಂಬಂಧ. ಆದರೆ ಪದ್ಯ ಬರೆದ ಆ ವಾರ ಅವನು ಮಗಳ ಬಾಣಂತನಕ್ಕೆ ರಜೆ ಹಾಕಿ ಹೋಗಿದ್ದ, ಬಂದದ್ದು ಮುಂದಿನ ಸೋಮವಾರ. ಹಾಜರಿ ಪುಸ್ತಕವೂ ಹಾಗೇ ಹೇಳುತ್ತಿತ್ತು. ಡಾಕ್ಟರು ಹೊಲಿಗೆ ಕೋಣೆಯ ಕಡೆ ತಲೆ ಹಾಕಿದವರೇ ಅಲ್ಲ.

ಮನೆಗೆ ಬರುವ ದಾರಿಯಲ್ಲಿ ನಾನು ನನ್ನ ತೀರ್ಮಾನ ಹೇಳಿದೆ. ಪದ್ಯ ಗೆಲ್ಲದೆ ಹೊಟ್ಟೆ ಉರಿದವರು ಡಾಕ್ಟರು, ಟೈಪ್ ಬಲ್ಲವರು, ಕಾವ್ಯ ಬಲ್ಲವರು. ಇನ್ಯಾರಿರಲು ಸಾಧ್ಯ?

"ಕಾವ್ಯ ಬಲ್ಲವರು ಅನ್ನೋದಕ್ಕೇ ಅವರಲ್ಲ ಕಣೇ," ಎಂದು ಅತ್ತಿಗೆ ನಕ್ಕರು. "ನೀನು ಒಬ್ಬ ನಿರಪರಾಧಿನ ಹಿಡಿದುಕೊಟ್ಟೆ. ಅಷ್ಟರ ಮಟ್ಟಿಗೆ ನನ್ನ ಕೆಲಸ ಹಗುರ ಆಯ್ತು."

ಶನಿವಾರ ಬೆಳಿಗ್ಗೆ ಎಲ್ಲರೂ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಸೇರಿದೆವು. ಡಾಕ್ಟರು ತಮ್ಮನ್ನು ಕರೆಸಿದ್ದೇ ಅವಮಾನ ಎಂಬಂತೆ ಕಾಲ ಮೇಲೆ ಕಾಲು ಹಾಕಿ ಕೂತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಸ್ಟೋರಿನವನು ಯಾರೂ ಕೇಳುವ ಮೊದಲೇ ತಾನು ರಜೆಯಲ್ಲಿದ್ದುದನ್ನು ಎರಡು ಸಲ ಹೇಳಿದ. ಟೈಪಿಸ್ಟ್ ಎಂದಿನಂತೆ ಸಭೆಯ ಮಾತು ಬರೆದುಕೊಳ್ಳಲು ತನ್ನ ಯಂತ್ರವನ್ನು ತರಿಸಿ ಮೂಲೆಯಲ್ಲಿ ಕೂತಿದ್ದಳು. ಅತ್ತೆ ಸೊಸೆ ಬಾಗಿಲ ಹತ್ತಿರದ ಬೆಂಚಿನಲ್ಲಿದ್ದರು. ಸೊಸೆ ನೆಲ ನೋಡುತ್ತಿದ್ದಳು, ಅತ್ತೆ ಮಾತ್ರ ಎಲ್ಲರ ಮುಖವನ್ನೂ ಒಂದೊಂದಾಗಿ ದಿಟ್ಟಿಸುತ್ತಿದ್ದಳು.

ಶುರುವಿನಲ್ಲಿ ಒಂದು ಸಣ್ಣ ಆಟ ಎಂದರು ಅತ್ತಿಗೆ. ತಾವೇ ಕಟ್ಟಿದ ಒಂದು ಪದ್ಯ ಹೇಳುತ್ತೇನೆ, ಮೂವರೂ ಬರೆದುಕೊಳ್ಳಿ ಎಂದು ಡಾಕ್ಟರಿಗೂ ಸ್ಟೋರಿನವನಿಗೂ ಹಾಳೆ ಪೆನ್ನು ಕೊಟ್ಟರು. ಟೈಪಿಸ್ಟ್ ಯಂತ್ರಕ್ಕೆ ಹಾಳೆ ಏರಿಸಿದಳು. ಅತ್ತಿಗೆ ಮಾತಾಡುವ ಹಾಗೇ ಹೇಳಿದರು: "ಕಲಿತವ ಸುಮ್ಮನೆ ನಗುವನು. ಕಲಿಯದೆ ಬಲಿತವ ಊರಿಗೆ..." ಇಲ್ಲಿ ಒಂದು ಗುಟುಕು ನೀರು ಕುಡಿದರು. "ಕೇಳುವ ಹಾಗೆ ಸಲಿಗೆಯ ತೋರುತ ಹರಟುವ. ನಡುವಲಿ ಸಿಲುಕಿದ ನನ್ನನು ಕಾಯುವರಾರು?" ಬರೆದ ಹಾಳೆಗಳನ್ನು ನಾನು ಒಟ್ಟುಮಾಡಿ ಅತ್ತಿಗೆಯ ಮುಂದೆ ಬೋರಲಾಗಿ ಇಟ್ಟೆ.

"ಪ್ರಾಸ ಅಂದ್ರೆ ಸಾಲಿನ ಕೊನೇಲಿ ಬರೋದು ಅಂತ ಎಲ್ಲರಿಗೂ ಗೊತ್ತು," ಎಂದು ಅತ್ತಿಗೆ ಶುರುಮಾಡಿದರು. ಅದು ಅಂತ್ಯಪ್ರಾಸ. ನಮ್ಮ ಹಳೆಯ ಕಾವ್ಯದಲ್ಲಿ ಅದಕ್ಕಿಂತ ಹೆಚ್ಚಿನ ಮಾನ ಆದಿಪ್ರಾಸಕ್ಕೆ; ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಈ ಹೆಂಗಸಿನ ಪದ್ಯ ನೋಡಿ: ಬಾಗಿಲು, ನೀಗಲು, ಬೇಗನೆ, ಸಾಗುವ. ನಾಲ್ಕರಲ್ಲೂ ಗಕಾರ. ಮಾತ್ರೆಯ ಲೆಕ್ಕವೂ ಸರಿ. ಈಗ ಟೈಪಾದ ಹಾಳೆ ನೋಡಿ: ಬಾಗಿಲು, ನೋವಿನ, ಹರಿದುದ, ನಾಳೆಗೆ, ಹೊಸಿಲಂತೀ. ಪ್ರಾಸ ಚೆಲ್ಲಾಪಿಲ್ಲಿ. ಅದೇ ಪದಗಳು, ಆದರೆ ಸಾಲುಗಳನ್ನು ಮುರಿದಿರುವುದು ಮಾತಿನ ನಿಲುಗಡೆಯಲ್ಲಿ. ಹಾಗೆ ಮುರಿಯುವವನು ಪದ್ಯವನ್ನು ಕಣ್ಣಿನಿಂದ ಕಂಡವನಲ್ಲ, ಕಿವಿಯಿಂದ ಕೇಳಿದವನು. ಪುಟ ಮುಂದಿಟ್ಟುಕೊಂಡು ನಕಲು ಮಾಡಿದೆ ಎನ್ನುವುದು ಸುಳ್ಳು.

"ಅಚ್ಚುಹಾಕಿದವರೇ ತಪ್ಪಾಗಿ ಮುರಿದಿರಬಹುದಲ್ಲ?" ಎಂದರು ಸೂಪರಿಂಟೆಂಡೆಂಟರು.

ಕೇಳಬೇಕಾದ ಪ್ರಶ್ನೆ ಎಂದು ಅತ್ತಿಗೆ ತಲೆಯಾಡಿಸಿ, ಮೊದಲಿನ ಪದ್ಯವನ್ನು ಇನ್ನೊಮ್ಮೆ ಹೇಳುವಂತೆ ಸೊಸೆಗೆ ಹೇಳಿದರು. ಅವಳು ಎದ್ದು ನಿಂತು ಹೇಳಿದಳು. "ಕಾಲಿಗೆ" ಎಂಬಲ್ಲಿ ಅದೇ ತಡೆ. ಕೋಣೆಯಲ್ಲಿದ್ದವರೆಲ್ಲ ಅದನ್ನು ಕೇಳಿದರು.

"ಟೈಪಿನ ನಾಲ್ಕನೇ ಸಾಲು ನೋಡಿ. 'ಕಾಲಿಗೆ' ಅಂತ ನಿಂತಿದೆ. ಅಲ್ಲಿ ಮಾತೂ ಮುಗಿಯಲ್ಲ, ಪ್ರಾಸವೂ ಇಲ್ಲ. ಯಾವ ಅಚ್ಚಿನವನಿಗೂ ಅಲ್ಲಿ ಮುರಿಯೋ ಕಾರಣ ಇಲ್ಲ. ಕಾರಣ ಇರೋದು ಇವಳೊಬ್ಬಳಿಗೆ. ಅಲ್ಲಿ ಇವಳಿಗೆ ಅನುಮಾನ ಇತ್ತು. ಬರೆದವಳ ಅನುಮಾನ ಹಾಗೇ ಟೈಪಾಗಿದೆ ಸ್ವಾಮಿ. ಈ ಹಾಳೆ ಯಾವ ಪತ್ರಿಕೆಯ ನಕಲೂ ಅಲ್ಲ. ಇವಳ ಧ್ವನಿಯ ನಕಲು."

ಸೂಪರಿಂಟೆಂಡೆಂಟರು ಎರಡು ಹಾಳೆಗಳನ್ನೂ ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಕಾಲ ಮೇಲಿನ ಕಾಲನ್ನು ಡಾಕ್ಟರು ಕೆಳಗಿಳಿಸಿದರು.

ಹಾಗಾದರೆ ಅದನ್ನು ಕೇಳಿದವರು ಯಾರು, ಕೇಳಿದ್ದು ಯಾವಾಗ? ಇಲ್ಲಿ ಅತ್ತಿಗೆ ನನ್ನನ್ನು ಬಲಿಕೊಟ್ಟರು. "ನನ್ನ ನಾದಿನಿ ಮೆಣಸಿನಕಾಯಿ ಹಾಗೆ ಅಂದ್ರೆ ಉಪಮೆ. ನನ್ನ ನಾದಿನಿ ಮೆಣಸಿನಕಾಯಿ ಅಂದ್ರೆ ರೂಪಕ. ಉಪಮೆ ಹೋಲಿಸತ್ತೆ, ರೂಪಕ ಎರಡನ್ನೂ ಒಂದೇ ಮಾಡತ್ತೆ." ಸ್ಟೋರಿನವನು ನನ್ನ ಮುಖ ನೋಡಿ ತಲೆಯಾಡಿಸಿದ. ಎರಡರಲ್ಲೂ ಮೆಣಸಿನಕಾಯಿ ನಾನೇ ಆದ್ದರಿಂದ ನನಗೆ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ.

ಟೈಪಾದ ಹಾಳೆಯ "ಹೊಸಿಲಂತೀ ಮನೆ" ಎಂಬುದು ಉಪಮೆ, ಗೆದ್ದ ಪದ್ಯದ "ಈ ಮನೆ ಹೊಸಿಲು" ಎಂಬುದು ರೂಪಕ. ಉಪಮೆ ಬದುಕಿದ್ದು ಸೋಮವಾರದಿಂದ ಶನಿವಾರದವರೆಗೆ ಮಾತ್ರ. ಅಳತೆಯ ಪುಸ್ತಕದ ತಾರೀಖುಗಳೇ ಸಾಕ್ಷಿ. ಆ ಅಳತೆಗಳ ಅಂಗಿಗಳನ್ನು ರೋಗಿಗಳು ಈಗಲೂ ತೊಟ್ಟಿರುವುದರಿಂದ ಪುಸ್ತಕ ಆಮೇಲೆ ಹುಟ್ಟಿಸಿದ್ದಲ್ಲ. ಆ ಆರು ದಿನ ಸ್ಟೋರಿನವನು ಊರಲ್ಲಿರಲಿಲ್ಲ. ಅವನ ಕಿವಿಗೆ ಬಿದ್ದದ್ದು ರೂಪಕ ಮಾತ್ರ. ಡಾಕ್ಟರು ಪದ್ಯವನ್ನು ಮೊದಲು ಕೇಳಿದ್ದು ಬಹುಮಾನ ಘೋಷಿಸಿದ ದಿನ, ಆಗಲೂ ಅದು ರೂಪಕವೇ.

ಇಷ್ಟು ಹೇಳಿ ಅತ್ತಿಗೆ ಮೂರು ಹಾಳೆಗಳನ್ನು ತಿರುಗಿಸಿದರು. ಡಾಕ್ಟರು ಕೇಳುತ್ತಲೇ ಪ್ರಾಸ ಹಿಡಿದು ಕಲಿತವ, ಬಲಿತವ, ಸಲಿಗೆಯ, ಸಿಲುಕಿದ ಎಂದು ನಾಲ್ಕು ಸಾಲಾಗಿ ಬರೆದಿದ್ದರು. "ಇವರಿಗೆ ಬೇಕು ಅಂದ್ರೂ ತಪ್ಪಾಗಿ ಮುರಿಯಕ್ಕೆ ಕೈ ಬರಲ್ಲ," ಎಂದರು ಅತ್ತಿಗೆ. 'ಬಲಿತವ' ತಾವೇ ಇರಬಹುದೆಂಬ ಸಂಶಯದಲ್ಲಿದ್ದ ಡಾಕ್ಟರ ಮುಖ ಆಗ ಅರಳಿತು. ಸ್ಟೋರಿನವನು ಬೇಡಿಕೆಪಟ್ಟಿಯ ಹಾಗೆ ಪದಪದಕ್ಕೂ ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ತುರುಕಿದ್ದ. ಮೂರನೆಯ ಹಾಳೆಯಲ್ಲಿ ಪದ್ಯ ಅತ್ತಿಗೆಯ ದನಿ ನಿಂತಲ್ಲೆಲ್ಲ ಮುರಿದಿತ್ತು. ಎರಡನೆಯ ಸಾಲು "ಊರಿಗೆ" ಎಂದು ಕೊನೆಯಾಗಿತ್ತು. ಅತ್ತಿಗೆ ನೀರು ಕುಡಿದದ್ದು ಸರಿಯಾಗಿ ಅಲ್ಲೇ.

"ಇಪ್ಪತ್ತು ವರ್ಷ ಹೇಳಿದ್ದನ್ನ ಕೇಳಿ ಟೈಪ್ ಮಾಡಿದ ಕೈ ಇದು," ಎಂದು ಅತ್ತಿಗೆ ಮೃದುವಾಗಿ ಹೇಳಿದರು. "ಹೇಳೋರು ನಿಂತ್ರೆ ಕೈಯೂ ಸಾಲು ಬದಲಾಯಿಸತ್ತೆ. ಅದು ತಪ್ಪಲ್ಲಮ್ಮ, ಒಳ್ಳೇ ಕೆಲಸಗಾರ್ತಿಯ ಅಭ್ಯಾಸ."

ಟೈಪಿಸ್ಟ್ ಯಂತ್ರದಿಂದ ಕೈ ತೆಗೆದಳು. ಬುತ್ತಿಯ ಹೊತ್ತಿನಲ್ಲಿ ಗೆಳತಿ ಪದ್ಯ ಹೇಳಿದಾಗ ಅದನ್ನು ತನ್ನ ಶೀಘ್ರಲಿಪಿಯ ಪುಸ್ತಕದಲ್ಲಿ ನಿಲುಗಡೆ ಸಮೇತ ಬರೆದುಕೊಂಡಿದ್ದಾಗಿ ಒಪ್ಪಿಕೊಂಡಳು. "ಮೊದಲು ಪ್ರೀತಿಯಿಂದ್ಲೇ ಬರ್ಕೊಂಡೆ," ಎಂದಳು. ಬಹುಮಾನದ ದಿನ ಅವಳು ಫೋನಿನ ಮುಂದೆ ಕೂತಿದ್ದಳು. ಪದ್ಯ ಓದಿದ್ದು ಕೇಳಲಿಲ್ಲ, ಚಪ್ಪಾಳೆ ಮಾತ್ರ ಕೇಳಿಸಿತು. "ಇಪ್ಪತ್ತು ವರ್ಷದಿಂದ ಎಲ್ಲರ ಮಾತೂ ನನ್ನ ಬೆರಳಿಂದ ಬಂದಿದೆ. ಒಂದರ ಕೆಳಗೂ ನನ್ನ ಹೆಸರಿಲ್ಲ. ಇವಳದು ಕಲ್ಲಲ್ಲೇ ಬರತ್ತೆ ಅಂದಾಗ ತಡೆಯಕ್ಕಾಗ್ಲಿಲ್ಲ."

ಸೊಸೆ ಆಗ ಮೊದಲ ಬಾರಿಗೆ ತಲೆ ಎತ್ತಿದಳು. "ಅಕ್ಕಾ, ಕೇಳಿದ್ರೆ ನಿಮಗೂ ಎಣಿಸೋದು ಹೇಳ್ಕೊಡ್ತಿದ್ನಲ್ಲ," ಎಂದಳು. ಅದಕ್ಕೆ ಟೈಪಿಸ್ಟ್ ಅತ್ತಳು. ಕೆಲಸದಿಂದ ತೆಗೆಯಬೇಡಿ ಎಂದು ಸೊಸೆಯೇ ಕೇಳಿಕೊಂಡದ್ದರಿಂದ ಅವಳಿಗೆ ಬೇರೆ ಕಚೇರಿಗೆ ವರ್ಗವಾಯಿತು. ಹೋಗುವ ಮೊದಲು ತಪ್ಪೊಪ್ಪಿಗೆಯನ್ನು ಟೈಪ್ ಮಾಡಿ, ಕೆಳಗೆ ಹೆಸರು ಹಾಕಿ, ಸೂಚನಾ ಫಲಕಕ್ಕೆ ಹಚ್ಚಿದಳು. ಇಪ್ಪತ್ತು ವರ್ಷದಲ್ಲಿ ಅವಳ ಹೆಸರಿದ್ದ ಮೊದಲ ಕಾಗದ ಅದು. ಅದನ್ನು ನೆನೆದರೆ ನನಗೆ ಈಗಲೂ ಕಸಿವಿಸಿಯಾಗುತ್ತದೆ.

ಸೂಪರಿಂಟೆಂಡೆಂಟರು ಎದ್ದು ನಿಂತು, ಹೊಲಿಯುವವಳಿಗೆ ಪದ್ಯ ಎಲ್ಲಿಂದ ಬಂತು ಎಂದು ತಾವು ಆಡಿದ ಮಾತನ್ನು ಎಲ್ಲರೆದುರು ಹಿಂದಕ್ಕೆ ತೆಗೆದುಕೊಂಡರು. ಡಾಕ್ಟರು ಆ ಪದ್ಯವನ್ನು ಇನ್ನೊಮ್ಮೆ ಓದಿ, ತಮ್ಮದಕ್ಕೆ ಎರಡನೆಯ ಸ್ಥಾನ ಬಂದದ್ದೇ ನ್ಯಾಯ ಎಂದರು. ಆಸ್ಥಾನಕವಿಯ ಬಾಯಿಂದ ಆ ಮಾತು ಹೊರಡಿಸುವುದು ಕಳ್ಳರನ್ನು ಹಿಡಿದದ್ದಕ್ಕಿಂತ ದೊಡ್ಡ ಸಾಧನೆ ಎಂದು ಹೊರಗೆ ಸ್ಟೋರಿನವನು ನನ್ನ ಕಿವಿಯಲ್ಲಿ ಹೇಳಿದ.

ಮೂರು ವಾರದ ಮೇಲೆ ನಮ್ಮನ್ನೂ ಕರೆದರು. ಕಲ್ಲುಕುಟಿಗ ಅಕ್ಷರಗಳನ್ನು ಆಳವಾಗಿ, ಅಚ್ಚುಕಟ್ಟಾಗಿ ಕೊರೆದಿದ್ದ. ಪದ್ಯದ ಕೆಳಗೆ ಅವಳ ಹೆಸರು, ಹೆಸರಿನ ಕೆಳಗೆ "ಹೊಲಿಗೆ ಕೋಣೆ" ಎಂದಿತ್ತು. ಜನ ಬಂದು ಓದಿ ಹೊಗಳಿ ಹೋಗುತ್ತಿದ್ದರು. ಮುದುಕಿ ಮಾತ್ರ ದೂರ ನಿಂತಿದ್ದಳು. ಓದಲು ಬಾರದವಳು ಹತ್ತಿರ ಹೋಗಿ ಏನು ಮಾಡಲಿ ಎಂದು ಅವಳ ಸಂಕೋಚ. ಅತ್ತಿಗೆ ಅವಳ ಕೈ ಹಿಡಿದು ಕಲ್ಲಿನ ಹತ್ತಿರ ಕರೆದೊಯ್ದು, ತೋರುಬೆರಳನ್ನು ಮೊದಲ ಸಾಲಿನ ಎರಡನೆಯ ಅಕ್ಷರದ ಮೇಲೆ ಇಟ್ಟರು. "ತಲೆ ಮೇಲಿನ ಸುಳಿ ಬಿಟ್ಟು ಇದನ್ನ ಹುಡುಕಿ ನೋಡೋಣ. ಕೆಳಗೆ ಇನ್ನೂ ಮೂರಿದೆ. ಒಂದಕ್ಕೆ ಕೊಂಬು ಇರತ್ತೆ, ಮೋಸ ಹೋಗ್ಬೇಡಿ."

ಮುದುಕಿಯ ಬೆರಳು ಕಲ್ಲಿನ ಮೇಲೆ ನಿಧಾನವಾಗಿ ಇಳಿಯಿತು. ಎರಡನೆಯ ಸಾಲಿನಲ್ಲಿ ನಿಂತಿತು, ಮೂರನೆಯದರಲ್ಲಿ ನಿಂತಿತು. ನಾಲ್ಕನೆಯದರಲ್ಲಿ ಕೊಂಬನ್ನು ಒಮ್ಮೆ ಸವರಿ ನೋಡಿ, ಮತ್ತೆ ಹಿಂದೆ ಬಂದು ಅಕ್ಷರದ ಮೇಲೇ ನಿಂತಿತು. ಅವಳು ಸೊಸೆಯ ಕಡೆ ತಿರುಗಿದಳು. ಹಿಂದೆ ನಿಂತಿದ್ದ ನಮಗೆಲ್ಲ ಕೇಳಿಸುವ ಹಾಗೆ ಹೇಳಿದಳು.

"ನಾಲ್ಕು ಗುಂಡಿ. ಒಂದೂ ಸೊಟ್ಟ ಇಲ್ಲ."